ರವಿವಾರದ ಕನ್ನಡ ಪಾಠ: ಬರೆಯುವ ಕೈ, ನೋಡುವ ಕಣ್ಣು



ರಾಜ್ಯೋತ್ಸವದ ವೇದಿಕೆಯನ್ನು ಏರಿದವರು ನಾಡುನುಡಿಗಳ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಬಲ್ಲವರು ಆಗಲೇ ಮಾಡಿದ್ದಾರೆ. ನಾವಾದರೋ ಬ್ಯಾಂಕಿನ ಗುಮಾಸ್ತರು, ಓದಿದ್ದು ಬಿ.ಕಾಂ.; ವಾರವೆಲ್ಲ ಪರರ ಲೆಕ್ಕ ನೋಡಿ, ರವಿವಾರ ಬೆಳಿಗ್ಗೆ ಎರಡು ತಾಸು ಸಂಘದ ಮಕ್ಕಳಿಗೆ ಕನ್ನಡ ಕಲಿಸುವವರು. ಆದಕಾರಣ ಇಂದು ಒಂದು ಕಸುಬಿನ ಮಾತನ್ನೇ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುತ್ತೇವೆ. ಮಕ್ಕಳಿಗೆ ಹೇಳಿಕೊಡುವ ಪಾಠವನ್ನು ಕಟ್ಟುವುದು ಹೇಗೆ? ಕಟ್ಟಿದ ಪಾಠವು ಸರಿಯಾಗಿದೆಯೆಂದು ಹೇಳತಕ್ಕವರು ಯಾರು?

ಈ ನಗರದಲ್ಲಿ ಒಂದು ಕಾಲಕ್ಕೆ ಕನ್ನಡದ ಹೊಣೆಯನ್ನು ಶಾಲೆಗಳೇ ಹೊತ್ತಿದ್ದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಹುಡುಗರು ರಾತ್ರಿ ಶಾಲೆಗಳಲ್ಲಿ ಕುಳಿತು ಮೆಟ್ರಿಕ್ ಮುಗಿಸಿದ ಕಥೆಯನ್ನು ಇಲ್ಲಿರುವ ಹಿರಿಯರಲ್ಲಿ ಕೆಲವರು ಸ್ವಾನುಭವದಿಂದಲೇ ಬಲ್ಲರು. ಮಹಾನಗರಪಾಲಿಕೆಯು ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತಿದ್ದು, ಕನ್ನಡವೂ ಅವುಗಳಲ್ಲೊಂದು. ೧೯೬೭ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಬಾಲಭಾರತಿಯು ಮಹಾರಾಷ್ಟ್ರದ ಕನ್ನಡ ಶಾಲೆಗಳಿಗಾಗಿ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತ ಬಂದಿದೆ. ಆದರೆ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾಧ್ಯಮದವರು. ಮರಾಠಿಯನ್ನು ೨೦೨೦ರ ಕಾಯಿದೆಯು ರಾಜ್ಯದ ಶಾಲೆಗಳಲ್ಲೆಲ್ಲ ಕಡ್ಡಾಯ ಮಾಡಿದೆ. ಅದು ನ್ಯಾಯವೂ ಹೌದು. ಅನ್ನ ಕೊಟ್ಟ ಊರಿನ ಭಾಷೆ ಬಾರದಿದ್ದರೆ ಹೇಗೆ? ಕನ್ನಡದ ಪಾಲಿಗೆ ಉಳಿದದ್ದು ರವಿವಾರದ ಎರಡು ತಾಸು.

ಈ ಎರಡು ತಾಸಿನ ಲೆಕ್ಕವನ್ನು ಒಮ್ಮೆ ನೋಡೋಣ. ಜೂನಿನಿಂದ ಮಾರ್ಚಿಯವರೆಗೆ ಸುಮಾರು ನಲವತ್ತು ರವಿವಾರ. ಅದರಲ್ಲಿ ಗಣೇಶ ಚತುರ್ಥಿ, ನವರಾತ್ರಿ, ದೀಪಾವಳಿ, ಶಾಲೆಯ ಪರೀಕ್ಷೆ, ಊರಿನ ಮದುವೆ, ಜುಲೈ ತಿಂಗಳ ಮಳೆ, ಇವಿಷ್ಟೂ ಸಾಲದೆಂಬಂತೆ ರೈಲ್ವೆಯವರ ಮೆಗಾ ಬ್ಲಾಕು. ಎಲ್ಲವನ್ನೂ ಕಳೆದು ಇಪ್ಪತ್ತೈದು ಉಳಿದರೆ ಪುಣ್ಯ. ಎಂದರೆ ವರ್ಷಕ್ಕೆ ಐವತ್ತು ತಾಸು. ಇದೇ ನಮ್ಮ ಬಂಡವಾಳ.

ಈ ಬಂಡವಾಳವು ಸಾಮಾನ್ಯವಾಗಿ ಹೇಗೆ ವ್ಯಯವಾಗುತ್ತದೆ? ಜೂನಿನಲ್ಲಿ ಅ ಆ ಇ ಈ. ದಸರೆಯ ಹೊತ್ತಿಗೆ ಕಾಗುಣಿತ. ದೀಪಾವಳಿ ರಜೆಯ ಬಳಿಕ ಅರ್ಧ ಮಕ್ಕಳು ಬರುವುದಿಲ್ಲ. ಮರುವರ್ಷ ಹೊಸ ಮಕ್ಕಳು ಸೇರುತ್ತಾರೆಂದು ಮತ್ತೆ ಅ ಆ ಇ ಈ. ಮೂರು ವರ್ಷ ಬಂದ ಹುಡುಗನು ನಲವತ್ತೊಂಬತ್ತು ಅಕ್ಷರಗಳನ್ನು ಒಂದೇ ಉಸಿರಿಗೆ ಒಪ್ಪಿಸುತ್ತಾನೆ. ಊರಿನಿಂದ ಅಜ್ಜಿಯ ಫೋನು ಬಂದರೆ ಮಾತ್ರ ‘ಹೇಗಿದ್ದೀರಿ, ಊಟ ಆಯಿತೆ’ ಎಂದು ಎರಡು ಮಾತು ಮುಗಿಸಿ, ಮೂರನೆಯದಕ್ಕೆ ತಾಯಿಯ ಮುಖ ನೋಡುತ್ತಾನೆ. ಆ ಅಜ್ಜಿಯಾದರೂ ಇನ್ನೆಷ್ಟು ವರ್ಷ ಕಾಯಬೇಕು?

ದೋಷ ಮಕ್ಕಳದಲ್ಲ, ಕಲಿಸುವವರ ಶ್ರದ್ಧೆಯದೂ ಅಲ್ಲ. ಕೊನೆಗೆ ಎಲ್ಲಿಗೆ ತಲುಪಬೇಕೆಂಬುದು ಗೊತ್ತಿಲ್ಲದೆ ಹೊರಟಿರುವುದೇ ತೊಡಕು. ಅಮೆರಿಕದ ಗ್ರಾಂಟ್ ವಿಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಎಂಬಿಬ್ಬರು ೧೯೯೮ರಲ್ಲಿ ಬರೆದ ಗ್ರಂಥವೊಂದರಲ್ಲಿ, ಪಾಠವನ್ನು ಕೊನೆಯಿಂದ ಮೊದಲಿಗೆ ಕಟ್ಟಬೇಕೆಂದು ಪ್ರತಿಪಾದಿಸಿದರು. ಮಗುವು ಏನನ್ನು ಮಾಡಬಲ್ಲದಾಗಬೇಕು ಎಂಬುದು ಮೊದಲು. ಅದು ಮಾಡಬಲ್ಲದೆಂಬುದಕ್ಕೆ ಸಾಕ್ಷಿ ಯಾವುದು ಎಂಬುದು ಆಮೇಲೆ. ಆಟ, ಕಥೆ, ಅಭ್ಯಾಸಗಳೆಲ್ಲ ಕಡೆಯಲ್ಲಿ. ನಮ್ಮ ದೇಶದಲ್ಲಿಯೂ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ೨೦೧೭ರಲ್ಲಿ ತರಗತಿವಾರು ಕಲಿಕಾ ಫಲಗಳ ಪಟ್ಟಿಯನ್ನು ಹೊರಡಿಸಿತು. ಆ ಪಟ್ಟಿ ದಿನವೂ ನಡೆಯುವ ಶಾಲೆಗಳಿಗಾಗಿ ಇರುವಂಥದು. ಐವತ್ತು ತಾಸಿನವರು ತಮ್ಮ ಮಟ್ಟವನ್ನು ತಾವೇ ಗೊತ್ತುಮಾಡಿಕೊಳ್ಳಬೇಕು. ಮೊದಲ ವರ್ಷಕ್ಕೆ ನಮ್ಮದು ಇಷ್ಟು: ಮಗುವು ಅಜ್ಜಿಯೊಡನೆ ಐದು ನಿಮಿಷ ತಾನೇ ಮಾತನಾಡಬೇಕು, ಊರಿನ ಬಸ್ ನಿಲ್ದಾಣದಲ್ಲಿ ನಿಂತು ಬಸ್ಸಿನ ಫಲಕವನ್ನು ಓದಬೇಕು, ಅಂಗಡಿಯ ಸಾಮಾನಿನ ಚೀಟಿಯೊಂದನ್ನು ಬರೆಯಬೇಕು.

ಮಟ್ಟವನ್ನು ನಿಶ್ಚಯಿಸಿದ ಮೇಲೆ ಮಾದರಿಗಾಗಿ ದೂರ ಹೋಗಬೇಕಾದುದಿಲ್ಲ. ೧೯೯೫ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ‘ನಲಿ-ಕಲಿ’ ಎಂಬ ಪದ್ಧತಿಯು ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿಯಲ್ಲಿ ನಡೆದಿದ್ದ ಪ್ರಯೋಗವನ್ನು ಕಣ್ಣಾರೆ ಕಂಡು ಬಂದ ಸರಕಾರಿ ಶಾಲೆಯ ಶಿಕ್ಷಕರೇ ಕಲಿಕೆಯ ಕಾರ್ಡುಗಳನ್ನು ಬರೆದರು. ತಮ್ಮ ತಮ್ಮ ತರಗತಿಗಳಲ್ಲಿ ಬಳಸಿ ನೋಡಿದರು. ಒಟ್ಟಿಗೆ ಕುಳಿತು ತಿದ್ದಿದರು. ಅದರ ಒಂದು ಸೊಗಸನ್ನು ಇಲ್ಲಿ ಹೇಳದಿರಲಾರೆವು. ಅಲ್ಲಿ ಅಕ್ಷರ ಕಲಿಕೆ ಅ ಆ ಇ ಈ ಎಂದು ಮೊದಲಾಗುವುದಿಲ್ಲ. ರ ಗ ಸ ದ ಅ ಎಂದು ಮೊದಲಾಗುತ್ತದೆ. ಬರೆಯಲು ಸುಲಭವಾದ, ಆಕಾರದಲ್ಲಿ ಹತ್ತಿರವಾದ ಅಕ್ಷರಗಳಿವು. ಐದೇ ಅಕ್ಷರ ಬಂದರೆ ಸರ, ಅರಸ, ಅಗಸ, ಗರಗಸ ಇವೆಲ್ಲವನ್ನೂ ಮಗು ಓದುತ್ತದೆ. ನಲವತ್ತೊಂಬತ್ತು ಮುಗಿಯುವವರೆಗೆ ಕಾಯಬೇಕಿಲ್ಲ.

ಹಾಗೆಂದು ಅಲ್ಲಿಯ ಕಾರ್ಡುಗಳನ್ನು ಯಥಾವತ್ತಾಗಿ ತಂದು ಇಲ್ಲಿ ಹಂಚಿದರೆ ಸಾಗದು. ಕೋಟೆಯ ಮಗುವಿಗೆ ಮಾತು ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ. ಮುಂಬಯಿಯ ಮಗುವಿನದು ಇದಕ್ಕೆ ತಿರುಗಮುರುಗ. ಅದು ಮರಾಠಿಯಲ್ಲಿ ಬಾರಾಖಡಿಯನ್ನು ಓದಿದೆ. ಆದ್ದರಿಂದ ಕಾಗುಣಿತವೆಂದರೇನೆಂದು ಬಲ್ಲದು. ಮನೆಯಲ್ಲಿ ಮಾತ್ರ ತುಳುವೋ ಕೊಂಕಣಿಯೋ ಕುಂದಾಪುರದ್ದೋ ಧಾರವಾಡದ್ದೋ, ಅದರ ಮೇಲೆ ಕಟ್ಟಡದ ಮಕ್ಕಳ ಹಿಂದಿ. ಅದು ಎಡವುವ ಸ್ಥಳಗಳೇ ಬೇರೆ. ಮರಾಠಿಯ ಬರಹದಲ್ಲಿ ಎ ಏ, ಒ ಓ ಎಂಬ ಭೇದವಿಲ್ಲ; ಆದ್ದರಿಂದ ಬೆಳೆಗೂ ಬೇಳೆಗೂ, ಕೊಡುವಿಗೂ ಕೋಡಿಗೂ ಅಂತರ ತಿಳಿಯದು. ದೇವನಾಗರಿಯಲ್ಲಿ ಮೊದಲ ವ್ಯಂಜನವು ಅರ್ಧವಾಗುವುದು ರೂಢಿ. ಕನ್ನಡದಲ್ಲಿ ಮೊದಲನೆಯದು ಪೂರ್ತಿ ನಿಂತು ಎರಡನೆಯದು ಒತ್ತಾಗಿ ಕೆಳಗಿಳಿಯುತ್ತದೆ. ಅಲ್ಲಿ ತಲೆಯ ಮೇಲೇರುವ ರಕಾರವು ನಮ್ಮಲ್ಲಿ ಅರ್ಕಾವತ್ತಾಗಿ ಬಲಕ್ಕೆ ಬಂದು ಕೂರುತ್ತದೆ. ಬೆಂಗಳೂರಿನ ಪುಸ್ತಕಕ್ಕೆ ಈ ತೊಡಕುಗಳನ್ನು ಕುರಿತು ಯೋಚಿಸುವ ಅಗತ್ಯವೇ ಇಲ್ಲ. ನಮಗಿದೆ. ಆದ್ದರಿಂದಲೇ ನಮ್ಮ ಪಾಠವನ್ನು ನಾವೇ ಬರೆಯಬೇಕೆನ್ನುವುದು.

ಇನ್ನು ಬರೆದದ್ದನ್ನು ನೋಡುವವರ ಮಾತು. ಬ್ಯಾಂಕಿನಲ್ಲಿ ವೋಚರು ಬರೆದ ಕೈಯೇ ಅದನ್ನು ಪಾಸು ಮಾಡಕೂಡದು. ಒಬ್ಬ ಮೇಕರ್, ಇನ್ನೊಬ್ಬ ಚೆಕರ್. ಇದು ಬರೆದವನ ಮೇಲಿನ ಅಪನಂಬಿಕೆಯಲ್ಲ. ತಾನು ಬರೆದ ಅಂಕಿಯನ್ನು ತಾನು ಮತ್ತೆ ನೋಡುವಾಗ, ಕಾಗದದ ಮೇಲಿರುವುದಕ್ಕಿಂತ ಮನಸ್ಸಿನಲ್ಲಿರುವುದೇ ಕಾಣುತ್ತದೆ. ಪಾಠಕ್ಕೂ ಅದೇ ನಿಯಮ.

ನಿದರ್ಶನಕ್ಕಾಗಿ ‘ಅಡುಗೆಮನೆ’ ಎಂಬ ಮೂರು ರವಿವಾರಗಳ ಘಟಕವೊಂದನ್ನು ಊಹಿಸಿಕೊಳ್ಳಿ. ಗುರಿ: ಸಾರು ಮಾಡುವ ಬಗೆಯನ್ನು ಮಗುವು ಅಜ್ಜಿಯಿಂದ ಕೇಳಿ, ಬೇಕಾದ ಸಾಮಾನಿನ ಚೀಟಿ ಬರೆಯುವುದು. ಕರಡಿನಲ್ಲಿ ತರಕಾರಿ ಚಿತ್ರಕ್ಕೆ ಬಣ್ಣ ಹಚ್ಚಲು ಅರ್ಧ ತಾಸು, ಕೊನೆಗೆ ಬಿಟ್ಟ ಸ್ಥಳ ತುಂಬುವ ಪರೀಕ್ಷೆ. ಬರೆದವರಿಗೆ ಇದು ಚೆನ್ನಾಗಿಯೇ ಕಾಣುತ್ತದೆ. ನೋಡುವವರು ಕೇಳುತ್ತಾರೆ: ಬಣ್ಣ ಹಚ್ಚುವಾಗ ಮಗು ಯಾವ ಕನ್ನಡ ಆಡಿತು? ಗುರಿ ಮಾತನಾಡುವುದಾದರೆ ಪರೀಕ್ಷೆ ಬಾಯಿ ಮುಚ್ಚಿಕೊಂಡೇಕೆ? ಅಷ್ಟರಲ್ಲಿ ಇನ್ನೊಬ್ಬರು ‘ಮೆಣಸು’ ಎಂಬ ಶಬ್ದದ ಮೇಲೆ ಬೆರಳಿಡುತ್ತಾರೆ. ಉಡುಪಿಯ ಕಡೆ ಮೆಣಸೆಂದರೆ ಮೆಣಸಿನಕಾಯಿ, ಕಪ್ಪು ಕಾಳು ಒಳ್ಳೆಮೆಣಸು. ಧಾರವಾಡದ ಮನೆಯಲ್ಲಿ ಮೆಣಸೆಂದರೆ ಆ ಕಪ್ಪು ಕಾಳೇ. ಒಂದೇ ಜಿಲ್ಲೆಯವರು ಬರೆದು ಅದೇ ಜಿಲ್ಲೆಯವರು ನೋಡಿದರೆ ಇದು ಹೊರಬೀಳುವುದೇ ಇಲ್ಲ. ಸಾರಿನ ಗತಿಯೇನಾದೀತೆಂದು ಬೇರೆ ಹೇಳಬೇಕೆ!

ಇಲ್ಲಿ ನಮ್ಮವರಿಗೆ ಒಂದು ದಾಕ್ಷಿಣ್ಯದ ತೊಂದರೆಯಿದೆ. ನಿವೃತ್ತ ಮಾಸ್ತರರು ಬರೆದುದನ್ನು ಇಪ್ಪತ್ತೈದರ ಹುಡುಗಿ ತಿದ್ದುವುದೆ? ‘ಚೆನ್ನಾಗಿದೆ ಸರ್’ ಎಂದು ಕೈಮುಗಿದರೆ ಮರ್ಯಾದೆ ಉಳಿಯಿತು, ಪಾಠ ಕೆಟ್ಟಿತು. ಕರಡಿನ ಮೇಲೆ ಬರೆದವರ ಹೆಸರೇ ಇರದಿದ್ದರೆ ಈ ಸಂಕೋಚ ಬಹಳಮಟ್ಟಿಗೆ ತಗ್ಗುತ್ತದೆ. ಜಪಾನಿನ ಶಿಕ್ಷಕರಲ್ಲಿ ನೂರು ವರ್ಷಕ್ಕೂ ಮಿಗಿಲಾಗಿ ನಡೆದುಬಂದ ಕ್ರಮವೊಂದು ಇನ್ನೂ ಚೆಂದ. ಪಾಠವನ್ನು ಹಲವರು ಕೂಡಿ ಸಿದ್ಧಪಡಿಸುತ್ತಾರೆ, ಒಬ್ಬರು ಕಲಿಸುತ್ತಾರೆ, ಉಳಿದವರು ಹಿಂದೆ ನಿಂತು ಕಲಿಸುವವರನ್ನಲ್ಲ, ಮಕ್ಕಳನ್ನು ಗಮನಿಸುತ್ತಾರೆ. ಆ ಮೇಲಿನ ಚರ್ಚೆಯಲ್ಲಿ ಯಾರ ಪಾಂಡಿತ್ಯಕ್ಕೂ ಪೆಟ್ಟು ಬೀಳುವುದಿಲ್ಲ. ‘ಈ ಸಾಲಿನಲ್ಲಿ ಮೂರು ಮಕ್ಕಳು ಕಿಟಕಿಯ ಹೊರಗೆ ನೋಡಿದರು’ ಎಂದರೆ ಮುಗಿಯಿತು.

ಕಲಿಸಲಿಕ್ಕೇ ಜನವಿಲ್ಲ, ಈ ಕಾಗದಪತ್ರದ ಕೆಲಸಕ್ಕೆ ಯಾರು ಎಂದು ಕೆಲವರು ಕೇಳಿಯಾರು. ನಮ್ಮ ಉತ್ತರ ಇದು: ದಾದರಿನಿಂದ ಡೊಂಬಿವಲಿಗೆ ಮನೆ ಬದಲಿಸಿದ ಶಿಕ್ಷಕರೊಡನೆ ಅವರ ಪಾಠವೂ ಹೊರಟುಹೋಗುತ್ತದೆ. ಲೆಡ್ಜರಿನಂತೆ ಬರೆದಿಟ್ಟ ಘಟಕವನ್ನು ಯಾರೇ ಆಗಲಿ ತೆರೆದು ಮುಂದುವರಿಸಬಹುದು. ನಾಲ್ಕು ಉಪನಗರಗಳ ತರಗತಿಗಳವರು ತಲಾ ಎರಡು ಘಟಕ ಬರೆದು, ಒಬ್ಬರದನ್ನೊಬ್ಬರು ನೋಡಿಕೊಟ್ಟರೆ ಎಂಟಾಗುತ್ತದೆ. ಮೂರು ರವಿವಾರಗಳಂತೆ ಇಪ್ಪತ್ನಾಲ್ಕು. ಉಳಿದ ಒಂದು ರವಿವಾರ ಅಜ್ಜ ಅಜ್ಜಿಯರನ್ನು ಕರೆಸಿ, ಮಕ್ಕಳನ್ನು ಅವರೆದುರು ಕೂರಿಸಿ, ನಾವು ದೂರ ನಿಲ್ಲೋಣ.

ಅಡುಗೆಮನೆ ಘಟಕದ ಕರಡು ಪ್ರತಿಗಳನ್ನು ಬಾಗಿಲ ಬಳಿಯ ಮೇಜಿನ ಮೇಲೆ ಇರಿಸಿದ್ದೇವೆ, ಪಕ್ಕದಲ್ಲೇ ಪೆನ್ಸಿಲುಗಳಿವೆ. ತಾಯಂದಿರು ಊಟಕ್ಕೆ ಹೋಗುವ ಮೊದಲು ಒಂದೊಂದು ಪ್ರತಿಯನ್ನು ತೆಗೆದುಕೊಳ್ಳಬೇಕು. ಧಾರವಾಡ, ಗದಗಗಳ ಕಡೆಯವರು ಎರಡನೆಯ ಪುಟದ ಮೆಣಸಿನ ಸಾಲನ್ನು ದಯಮಾಡಿ ನೋಡಿಕೊಡಬೇಕಾಗಿ ವಿನಂತಿ.