ಪಟದಲ್ಲಿ ಕಾಣದ ನೋವು

ವೈದ್ಯವೃತ್ತಿಯಲ್ಲಿ ಮೂವತ್ತೈದು ವರ್ಷ ಕಳೆದವನಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಂಡಿರುತ್ತದೆ. ಎದುರಿಗೆ ಕುಳಿತವರ ಮುಖವನ್ನು ನೋಡುವುದಕ್ಕೆ ಮುಂಚೆ, ಅವರು ಲಕೋಟೆಯಲ್ಲಿ ತಂದ ಪಟವನ್ನು ಬೆಳಕಿಗೆ ಹಿಡಿಯುವುದೇ ಆ ಅಭ್ಯಾಸ. ಅದು ನನಗೂ ಇತ್ತು. ಅದರಿಂದಾಗಿ ನಾನು ಮಾಡಿದ ಒಂದು ತಪ್ಪನ್ನು ಹೇಳಿಕೊಂಡು, ಅದರ ನೆಪದಲ್ಲಿ ಮಂಡಿನೋವಿನ ವಿಷಯವಾಗಿ ಈಚಿನ ಕಾಲು ಶತಮಾನದಲ್ಲಿ ತಿಳಿದುಬಂದಿರುವ ಕೆಲವು ಸಂಗತಿಗಳನ್ನು ತಮ್ಮ ಮುಂದಿಡಬೇಕೆಂದಿದ್ದೇನೆ.

1998ರ ಮಾತು. ನನ್ನ ಹಿರಿಯಕ್ಕ ಮಲೆನಾಡಿನ ತೋಟದ ಮನೆಯಿಂದ ನಮ್ಮಲ್ಲಿಗೆ ಬಂದಿದ್ದಳು. ಆಗ ಅವಳಿಗೆ ಐವತ್ತನಾಲ್ಕು. ಬಲಮಂಡಿಯ ಒಳಬದಿ ನೋಯುತ್ತದೆ, ಅಡಿಕೆ ಸುಲಿಯಲು ಕುಳಿತರೆ ಮತ್ತೆ ಏಳುವುದು ಕಷ್ಟವಾಗುತ್ತದೆ, ರಾತ್ರಿ ಮಗ್ಗುಲು ಬದಲಿಸುವಾಗ ಮೂಳೆಯ ಒಳಗೆ ಯಾರೋ ಹೆಬ್ಬೆರಳಿನಿಂದ ಒತ್ತಿದ ಹಾಗಾಗುತ್ತದೆ ಎಂದಳು. ಕ್ಷ-ಕಿರಣದ ಪಟ ತೆಗೆಸಿದೆ. ಕೀಲಿನ ಸಂದು ತುಸು ಕಿರಿದಾಗಿತ್ತು. ಅಂಚಿನಲ್ಲಿ ಚಿಕ್ಕದೊಂದು ಮೂಳೆಮುಳ್ಳು ಬೆಳೆದಿತ್ತು. ಆ ವಯಸ್ಸಿನ ಎಷ್ಟೋ ಮಂದಿಯಲ್ಲಿ, ನೋವೇ ಇಲ್ಲದವರಲ್ಲಿಯೂ, ಅಷ್ಟು ಇರುತ್ತದೆ.

"ಏನೂ ಇಲ್ಲ ಅಕ್ಕಾ, ವಯಸ್ಸಿನ ಸವೆತ. ನೀನು ಹೇಳುವಷ್ಟು ನೋಯುವಂಥದ್ದು ಇದರಲ್ಲಿ ಏನೂ ಕಾಣುವುದಿಲ್ಲ" ಎಂದೆ.

ಅವಳು ಪಟವನ್ನೊಮ್ಮೆ ನನ್ನನ್ನೊಮ್ಮೆ ನೋಡಿ, "ನಿನ್ನ ಪಟಕ್ಕೆ ನೋಯುವುದಿಲ್ಲ ಕಣೋ, ನನಗೆ ನೋಯುತ್ತದೆ" ಎಂದಳು.

ನಾನು ನಕ್ಕುಬಿಟ್ಟೆ. ಮಾತಿನಲ್ಲಿ ಅವಳನ್ನು ಗೆದ್ದವರಿಲ್ಲವೆಂದು ಮನೆಯವರಿಗೆಲ್ಲ ಹೇಳಿ ಮತ್ತೊಮ್ಮೆ ನಕ್ಕೆ. ಅಂದಿನಿಂದ ಅವಳು ನನ್ನ ಬಳಿ ಮಂಡಿಯ ಮಾತೆತ್ತಲಿಲ್ಲ. ಊರಿಗೆ ಹೋದಾಗಲೆಲ್ಲ ಅವಳು ಅಟ್ಟದ ಮೆಟ್ಟಿಲನ್ನು ಗೋಡೆ ಹಿಡಿದು, ಏಡಿಯ ಹಾಗೆ ಅಡ್ಡಡ್ಡಲಾಗಿ ಇಳಿಯುವುದನ್ನು ಕಾಣುತ್ತಿದ್ದೆ. ಮಕ್ಕಳು ಅಣಕಿಸುತ್ತಿದ್ದರು. ನಾನು ಅವರನ್ನು ಗದರಿಸುತ್ತಿದ್ದೆ, ಅಷ್ಟೆ. 2011ರಲ್ಲಿ, ಮಂಡಿಗೆ ಸಂಬಂಧವಿಲ್ಲದ ಕಾರಣದಿಂದ, ಅವಳು ತೀರಿಕೊಂಡಳು.

'ಮೂಳೆಯ ಒಳಗೆ' ಎಂದು ಅವಳು ಹೇಳಿದ್ದಳಲ್ಲ, ಆ ಎರಡು ಪದಗಳನ್ನು ನಾನು ಕೇಳಿಸಿಕೊಂಡಿರಲಿಲ್ಲ.

ಮಂಡಿಯೆಂಬುದು ತೊಡೆಮೂಳೆಯ ಕೆಳತುದಿಯೂ ಕಣಕಾಲಿನ ಮೂಳೆಯ ಮೇಲ್ತುದಿಯೂ ಸಂಧಿಸುವ ಸ್ಥಳ. ಎದುರಿಗೆ ಕಾವಲಿಗೆ ಮಂಡಿಚಿಪ್ಪು. ಮೂಳೆಯ ತುದಿಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿದೆ. ಈ ಹೊದಿಕೆ ಸವೆಯುವುದರಿಂದಲೇ ನೋವು ಎಂದು ನಾವು ಹೇಳುತ್ತ ಬಂದೆವು, ಜನ ನಂಬುತ್ತ ಬಂದರು. ಆದರೆ ಈ ಮಾತಿನಲ್ಲಿ ಒಂದು ತೊಡಕಿದೆ. ಮೃದ್ವಸ್ಥಿಯಲ್ಲಿ ನರತಂತುಗಳಿಲ್ಲ, ರಕ್ತನಾಳಗಳೂ ಇಲ್ಲ. ಉಗುರನ್ನು ಕತ್ತರಿಸಿದರೆ ಹೇಗೆ ನೋಯುವುದಿಲ್ಲವೋ ಹಾಗೆ ಅದು ಸವೆದರೂ ತಾನಾಗಿ ನೋಯಲಾರದು. ಇದು ಪಠ್ಯಪುಸ್ತಕದಲ್ಲಿದ್ದ ವಿಷಯವೇ. ಓದಿದ್ದೆವು, ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಹಾಗಾದರೆ ನೋಯುವುದು ಯಾವುದು ಎಂದು ಕೇಳಿಕೊಳ್ಳಲಿಲ್ಲ.

ನೋಯಬಲ್ಲ ಭಾಗಗಳು ಬೇರೆ ಇವೆ. ಕೀಲನ್ನು ಸುತ್ತಿದ ಪೊರೆ ಒಂದು. ಇನ್ನೊಂದು, ಮೃದ್ವಸ್ಥಿಯ ಅಡಿಯಲ್ಲಿರುವ ಮೂಳೆ. ಮೂಳೆಯೆಂದರೆ ಕಲ್ಲಿನಂತೆ ಘನವಾದದ್ದೆಂದು ಭಾವಿಸುತ್ತೇವೆ. ಕೀಲಿನ ಬಳಿ ಅದು ಹಾಗಿಲ್ಲ. ತೆಳುವಾದ ಗಟ್ಟಿ ಪದರದ ಕೆಳಗೆ ಜೇನುಹುಟ್ಟಿನಂಥ ಜಾಲ, ಆ ಜಾಲದ ಕಂಡಿಗಳಲ್ಲಿ ಮಜ್ಜೆ. ವಯಸ್ಕರ ಮಂಡಿಯಲ್ಲಿ ಈ ಮಜ್ಜೆ ಬಹುಪಾಲು ಹಳದಿ ನೆಣ. ಅಲ್ಲಿ ರಕ್ತನಾಳಗಳು ಹರಿದಾಡುತ್ತವೆ, ಅವುಗಳ ಜೊತೆಯಲ್ಲಿ ನೋವನ್ನು ಒಯ್ಯುವ ನರತಂತುಗಳೂ ಸಾಗುತ್ತವೆ.

ರಾಂಟ್ಜನ್ ಮಹಾಶಯ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣಕ್ಕೆ ಸುಣ್ಣದ ಅಂಶ ಚೆನ್ನಾಗಿ ಕಾಣುತ್ತದೆ, ಮಜ್ಜೆ ಕಾಣುವುದಿಲ್ಲ. ಮನೆಯ ಗೋಡೆ ಕಂಡು ಒಳಗಿನ ಸಂಸಾರ ಕಾಣದಿದ್ದ ಹಾಗೆ. ಸಂಸಾರ ಕಾಣತೊಡಗಿದ್ದು ಎಂ.ಆರ್.ಐ. ಬಂದ ಮೇಲೆ. ಬಲವಾದ ಕಾಂತಕ್ಷೇತ್ರದಲ್ಲಿ ದೇಹದ ಜಲಜನಕದ ಪರಮಾಣುಗಳಿಂದ ಸಂಜ್ಞೆ ಪಡೆದು ಚಿತ್ರ ರಚಿಸುವ ಯಂತ್ರ ಅದು. ನೆಣದಿಂದ ಬರುವ ಸಂಜ್ಞೆಯನ್ನು ಬೇಕೆಂದೇ ಅಡಗಿಸುವ ಒಂದು ಉಪಾಯವುಂಟು. ಹಾಗೆ ಮಾಡಿದಾಗ ಆರೋಗ್ಯವಾದ ಮಜ್ಜೆ ಕಪ್ಪಾಗಿ ತೋರುತ್ತದೆ. ಎಲ್ಲಿ ನೀರಿನಂಶ ಹೆಚ್ಚಿದೆಯೋ ಅಲ್ಲಿ ಬಿಳಿಯ ಮೋಡ ಕವಿದಂತಿರುತ್ತದೆ. 1988ರಲ್ಲಿ ಈ ಬಿಳುಪನ್ನು ಕಂಡ ತಜ್ಞರು ಅದನ್ನು ಮಜ್ಜೆಯ ನೀರೂತವೆಂದು ಕರೆದರು.

ಹೆಸರು ಆತುರದ್ದಾಯಿತು. ಕೃತಕ ಮಂಡಿ ಜೋಡಿಸುವ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಮೂಳೆಯನ್ನು ಜ್ಯೂರಿಕ್ ನಗರದ ತಜ್ಞರು ಸೂಕ್ಷ್ಮದರ್ಶಕದಲ್ಲಿ ನೋಡಿ 2000ದಲ್ಲಿ ವರದಿ ಮಾಡಿದರು. ಆ ಮೋಡವಿದ್ದ ಜಾಗದಲ್ಲಿ ಊತ ಸ್ವಲ್ಪವೇ; ಸತ್ತ ನೆಣದ ಕೋಶಗಳು, ಗಾಯ ಮಾಯ್ದಾಗ ಉಳಿಯುವಂಥ ನಾರು, ರೂಪಗೆಟ್ಟ ಜಾಲ ಇವೂ ಅಲ್ಲಿದ್ದವು. ಆದ್ದರಿಂದ ಈಗ ಊತವೆನ್ನದೆ ಬೇರೊಂದು ಪದವನ್ನು ಬಳಸುತ್ತಾರೆ. ಅದಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ನಾನು ಬಹಳ ದಿನ ಯೋಚಿಸಿದೆ. 'ಗಾಯ'ವೆಂದರೆ ಚರ್ಮ ಹರಿದದ್ದೆಂಬ ಭಾವನೆ ಬರುತ್ತದೆ. 'ಹುಣ್ಣು' ತಪ್ಪಾಗುತ್ತದೆ. 'ಕಲೆ' ಎಂದರೆ ತೀರ ನಿರುಪದ್ರವಿ. ಕೊನೆಗೆ ನಮ್ಮ ಹಳೆಯ ಪದವಾದ 'ಘಾಸಿ'ಯೇ ಹೊಂದೀತೆನಿಸಿತು. ಮಜ್ಜೆಯ ಘಾಸಿ. ಪರಿಭಾಷಾ ಸಮಿತಿಯವರು ಒಪ್ಪದಿದ್ದರೆ ಅಡ್ಡಿಯಿಲ್ಲ; ಅಕ್ಕನಿಗಂತೂ ಅರ್ಥವಾಗುತ್ತಿತ್ತು.

ಈ ಘಾಸಿಗೂ ನೋವಿಗೂ ಇರುವ ನಂಟನ್ನು ಎತ್ತಿ ತೋರಿಸಿದ ಮಹತ್ವದ ಅಧ್ಯಯನ ಅಮೆರಿಕದ ಬಾಸ್ಟನ್ನಿನದು. ಡೇವಿಡ್ ಫೆಲ್ಸನ್ ಎಂಬ ವೈದ್ಯರೂ ಅವರ ಸಂಗಡಿಗರೂ 2001ರಲ್ಲಿ ಅದನ್ನು ಪ್ರಕಟಿಸಿದರು. ಅವರು ಆರಿಸಿಕೊಂಡ 401 ಮಂದಿಗೂ ಕ್ಷ-ಕಿರಣದ ಪಟದಲ್ಲಿ ಮಂಡಿಯ ಸವೆತ ಇದ್ದೇ ಇತ್ತು. ಆದರೆ ಅವರಲ್ಲಿ ನೋವಿದ್ದವರು 351, ನೋವಿಲ್ಲದವರು 50. ನೋವಿದ್ದವರ ಪೈಕಿ 272 ಮಂದಿಯಲ್ಲಿ, ಎಂದರೆ ನೂರಕ್ಕೆ 77ಕ್ಕೂ ಹೆಚ್ಚು ಜನರಲ್ಲಿ, ಮಜ್ಜೆಯ ಘಾಸಿ ಕಂಡಿತು. ನೋವಿಲ್ಲದವರಲ್ಲಿ 15 ಮಂದಿಗೆ ಮಾತ್ರ. ದೊಡ್ಡ ಗಾತ್ರದ ಘಾಸಿಗಳನ್ನಷ್ಟೇ ಎಣಿಸಿದಾಗ ಅಂತರ ಇನ್ನೂ ಸ್ಪಷ್ಟವಾಯಿತು: ನೋವಿದ್ದವರಲ್ಲಿ ನೂರಕ್ಕೆ 36ರ ಸುಮಾರು, ಇಲ್ಲದವರಲ್ಲಿ ನೂರಕ್ಕೆ 2. ಹೊರಗೆ ಒಂದೇ ಬಗೆಯ ಸವೆತವಿದ್ದರೂ ಒಬ್ಬರು ನರಳುವುದು, ಇನ್ನೊಬ್ಬರು ನಿಶ್ಚಿಂತೆಯಿಂದ ನಡೆಯುವುದು ಏಕೆಂಬ ಹಳೆಯ ಒಗಟಿಗೆ ಒಂದು ಎಳೆ ಸಿಕ್ಕಿತು.

ಈ ಲೇಖನವನ್ನು ನಾನು ಓದಿದ್ದು ಅದು ಪ್ರಕಟವಾಗಿ ಎರಡು ಮೂರು ವರ್ಷಗಳ ಮೇಲೆ. ಓದಿದಾಗ ನೆನಪಾದವನು ಕರ್ಣ. ಕೀಟವೊಂದು ಅವನ ತೊಡೆಯನ್ನು ಕೊರೆಯುತ್ತಿದ್ದಾಗ, ಅವನ ಮೇಲೆ ತಲೆಯಿಟ್ಟು ಮಲಗಿದ್ದ ಪರಶುರಾಮನಿಗೆ ಎಚ್ಚರವಾದದ್ದು ನೆತ್ತರು ತಾಗಿದ ಮೇಲೆ. ಎಚ್ಚರವಾದ ಮೇಲೂ ಆ ಗುರು ಮಾಡಿದ್ದು ಔಷಧೋಪಚಾರವನ್ನಲ್ಲ, ಶಾಪ ಕೊಡುವ ಕೆಲಸವನ್ನು. ವೈದ್ಯರಾದ ನಮ್ಮ ನಿದ್ದೆಯೂ ಹೆಚ್ಚು ಕಡಮೆ ಅದೇ ಬಗೆಯದು.

ಹಾಗೆಂದು ಬಿಳಿಯ ಮೋಡ ಕಂಡಲ್ಲೆಲ್ಲ ನೋವಿನ ಬೇರು ಸಿಕ್ಕಿತೆಂದು ಹಿಗ್ಗುವಂತಿಲ್ಲ. ಅದೇ ಬಾಸ್ಟನ್ನಿನ ಅಧ್ಯಯನದಲ್ಲಿ, ನೋವಿದ್ದವರೊಳಗೆ ಘಾಸಿಯಿದ್ದವರಿಗೆ ಹೆಚ್ಚು ನೋವು, ಇಲ್ಲದವರಿಗೆ ಕಡಮೆ ನೋವು ಎಂಬ ಲೆಕ್ಕ ಹೊಂದಲಿಲ್ಲ. ಬಾಸ್ಟನ್ನಿಗೆ ಸಮೀಪದಲ್ಲಿಯೇ ಫ್ರೇಮಿಂಗ್‌ಹ್ಯಾಮ್ ಎಂಬ ಊರಿದೆ. 1948ರಿಂದ ಹೃದ್ರೋಗದ ಅಧ್ಯಯನಕ್ಕೆ ಹೆಸರಾದ ಊರು. ಅಲ್ಲಿ ಐವತ್ತು ದಾಟಿದ, ಕ್ಷ-ಕಿರಣದಲ್ಲಿ ಸವೆತವೇ ಕಾಣದ 710 ಜನರ ಮಂಡಿಗಳನ್ನು ಎಂ.ಆರ್.ಐ.ಯಲ್ಲಿ ನೋಡಿದವರು 2012ರಲ್ಲಿ ಫಲಿತಾಂಶ ಪ್ರಕಟಿಸಿದರು: ನೂರಕ್ಕೆ 52 ಮಂದಿಯಲ್ಲಿ ಮಜ್ಜೆಯ ಘಾಸಿಯಿತ್ತು! ಮಂಡಿ ನೋಯದವರಲ್ಲಿಯೂ ಯಾವುದಾದರೊಂದು ದೋಷ ಕಾಣದ ಮಂಡಿಗಳು ಅಪರೂಪವಾಗಿದ್ದವು. ಒಂದು ಪಟದಲ್ಲಿ ಏನೂ ಕಾಣದೆ ನೋವನ್ನು ಸುಳ್ಳೆಂದವರು, ಇನ್ನೊಂದು ಪಟದಲ್ಲಿ ಎಲ್ಲವೂ ಕಂಡು ಆರೋಗ್ಯವನ್ನು ಸುಳ್ಳೆನ್ನುವ ಅಪಾಯವಿದೆ.

ಘಾಸಿ ಏಕಾಗುತ್ತದೆ? ಹೊರೆಯೇ ಮುಖ್ಯ ಕಾರಣವೆಂದು ತೋರುತ್ತದೆ. ಮಂಡಿಗಳ ನಡುವೆ ಅಂತರ ಬಿದ್ದು ಕಾಲು ಬಿಲ್ಲಿನಂತೆ ಬಾಗಿದವರಲ್ಲಿ ದೇಹದ ಭಾರ ಮಂಡಿಯ ಒಳಬದಿಗೆ ಬೀಳುತ್ತದೆ. ಅವರ ಘಾಸಿಯೂ ಸಾಮಾನ್ಯವಾಗಿ ಒಳಬದಿಯಲ್ಲಿಯೇ. ಮೃದ್ವಸ್ಥಿ ಸವೆದು, ನಡುವಿನ ಮೆತ್ತೆಯೂ ಹರಿದರೆ ಪೆಟ್ಟನ್ನು ತಡೆಯುವವರಿಲ್ಲದೆ ಅದು ನೇರವಾಗಿ ಮೂಳೆಗೆ ತಾಗುತ್ತದೆ. ಸಮಾಧಾನದ ಸಂಗತಿಯೆಂದರೆ, ಇದು ಶಿಲಾಶಾಸನವಲ್ಲ. ಈ ಮೋಡಗಳು ತಿಂಗಳುಗಳಲ್ಲಿ, ಒಮ್ಮೊಮ್ಮೆ ವಾರಗಳಲ್ಲಿಯೇ, ಹಿಗ್ಗುತ್ತವೆ, ಕುಗ್ಗುತ್ತವೆ. ಕುಗ್ಗಿದಾಗ ನೋವೂ ಇಳಿಯುವ ಸಂಭವ ಹೆಚ್ಚೆಂದು 2011ರ ಒಂದು ಅಧ್ಯಯನ ಹೇಳಿತು. ಇಂಗ್ಲೆಂಡಿನ ಮ್ಯಾಂಚೆಸ್ಟರಿನವರು ಮಂಡಿಚಿಪ್ಪಿನ ಹಿಂದೆ ನೋವಿದ್ದ 126 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಂಡಿಪಟ್ಟಿ ತೊಡಿಸಿದರು. ಆರು ವಾರಗಳಲ್ಲಿ ಪಟ್ಟಿ ತೊಟ್ಟವರ ನೋವೂ ತಗ್ಗಿತು, ಆ ಭಾಗದ ಘಾಸಿಯೂ ಕಿರಿದಾಯಿತು. ಇದು ಪ್ರಕಟವಾದದ್ದು 2015ರಲ್ಲಿ. ಔಷಧದ ಕಥೆ ಇಷ್ಟು ಸುಖಕರವಾಗಿಲ್ಲ. ಮೂಳೆ ಟೊಳ್ಳಾಗುವ ರೋಗಕ್ಕೆ ಕೊಡುವ ಜೋಲೆಡ್ರಾನಿಕ್ ಆಮ್ಲದ ಚುಚ್ಚುಮದ್ದು ಮೊದಲ ಸಣ್ಣ ಪ್ರಯೋಗದಲ್ಲಿ ಆಸೆ ಹುಟ್ಟಿಸಿತ್ತು. ಆಸ್ಟ್ರೇಲಿಯಾದಲ್ಲಿ 223 ಮಂದಿಯ ಮೇಲೆ ಎರಡು ವರ್ಷ ನಡೆದ ಪ್ರಯೋಗ, 2020ರಲ್ಲಿ, ಆ ಆಸೆಯನ್ನು ಕಿತ್ತುಕೊಂಡಿತು.

ಇನ್ನು ನನ್ನ ಮಂಡಿಯ ವಿಷಯ. 2021ರಲ್ಲಿ, ನನಗೆ ಅರವತ್ತಮೂರಾಗಿದ್ದಾಗ, ಅದೂ ಬಲಗಾಲೇ, ಅದೂ ಒಳಬದಿಯೇ. ಕ್ಷ-ಕಿರಣದ ಪಟವನ್ನು ನಾನೇ ಬೆಳಕಿಗೆ ಹಿಡಿದೆ. ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ರಾತ್ರಿ ಮಾತ್ರ ಹೆಬ್ಬೆರಳಿನಿಂದ ಒತ್ತಿದಂತಾಗುತ್ತಿತ್ತು. ಮಂಡಿ ನಡುನಡುವೆ ಸಿಕ್ಕಿಕೊಳ್ಳುತ್ತಲೂ ಇದ್ದುದರಿಂದ ಕಿರಿಯ ವೈದ್ಯರೊಬ್ಬರು ಎಂ.ಆರ್.ಐ. ಮಾಡಿಸಿದರು. "ಸರ್, ಇಲ್ಲಿ ನೋಡಿ" ಎಂದು ತೆರೆಯ ಮೇಲೆ ಬೆರಳಿಟ್ಟರು. ಕಣಕಾಲಿನ ಮೂಳೆಯ ಮೇಲ್ತುದಿಯಲ್ಲಿ, ಅಡಿಕೆಯ ಹೋಳಿನಷ್ಟು ಅಗಲದ ಬಿಳಿಯ ಮೋಡ. ನನಗಾದದ್ದು ದುಃಖವಲ್ಲ, ಸಂತೋಷ. ನೋವಿಗೆ ಸಾಕ್ಷಿ ಸಿಕ್ಕಿದ ಸಂತೋಷ. ಆ ಪಟವನ್ನು ಮನೆಗೆ ತಂದು ಹೆಂಡತಿಗೆ ತೋರಿಸಿದೆ. ಅವಳು, "ಇದನ್ನು ನೋಡುವುದಕ್ಕೆ ಮುಂಚೆ ನಿಮಗೆ ನೋಯುತ್ತಿರಲಿಲ್ಲವೆ?" ಎಂದು ಕೇಳಿ ಒಳಗೆ ಹೋದಳು. ನಾನು ಪಟವನ್ನು ಲಕೋಟೆಗೆ ಸೇರಿಸಿದೆ.

ಮಂಡಿ ನೋಯುವ ಎಲ್ಲರೂ ಈ ಪಟ ತೆಗೆಸಬೇಕೆ ಎಂದರೆ, ಬೇಡ. ವಯಸ್ಸು, ನೋವು ಬರುವ ಹೊತ್ತು, ನಡಿಗೆ, ಮಂಡಿಯನ್ನು ಮುಟ್ಟಿ ಮಡಿಸಿ ನೋಡುವುದು, ಸಾಮಾನ್ಯವಾಗಿ ಇಷ್ಟೇ ಸಾಕು. ಬಿದ್ದ ಮೇಲೆ ಬಂದ ನೋವು, ಹಠಾತ್ತಾಗಿ ಬಂದು ಕಾಲೂರಲು ಬಿಡದ ನೋವು, ಜ್ವರದೊಡನೆ ಕೆಂಪಾಗಿ ಊದಿದ ಮಂಡಿ, ಇವು ಬೇರೆ, ಇವಕ್ಕೆ ಕಾಯಬಾರದು. ಉಳಿದವರಿಗೆ ಹೊರೆಯನ್ನು ಇಳಿಸುವ ದಾರಿಗಳು ಹಳೆಯವೇ. ತೊಡೆಯ ಸ್ನಾಯುಗಳಿಗೆ ನಿತ್ಯ ವ್ಯಾಯಾಮ. ದೇಹದ ತೂಕ ಒಂದು ಕಿಲೋ ಇಳಿದರೆ, ಇಡುವ ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆಂದು ಅಳೆದು ನೋಡಿದ್ದಾರೆ. ಊರುಗೋಲು ಹಿಡಿಯುವವರು ನೋಯುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹಳ ಮಂದಿ ಇದನ್ನು ತಿರುವುಮುರುವು ಮಾಡುತ್ತಾರೆ. ಅಕ್ಕನಿಗೆ ಇವಿಷ್ಟನ್ನೂ 1998ರಲ್ಲಿಯೇ ಹೇಳಬಹುದಾಗಿತ್ತು. ಅದಕ್ಕೆ ಬಾಸ್ಟನ್ನಿನ ಲೇಖನವೂ ಬೇಕಿರಲಿಲ್ಲ, ಕಾಂತಯಂತ್ರವೂ ಬೇಕಿರಲಿಲ್ಲ.

ನಾನು ಆರು ಕಿಲೋ ಇಳಿದೆ. ಎಡಗೈಯಲ್ಲಿ ಕೋಲು ಹಿಡಿದೆ. ವರ್ಷ ಕಳೆಯುವುದರೊಳಗೆ ರಾತ್ರಿಯ ನೋವು ನಿಂತಿತು. ಹಗಲಿನದು ಬರುತ್ತದೆ, ಹೋಗುತ್ತದೆ. ಮೋಡ ಕರಗಿದೆಯೇ ಎಂದು ಪರಿಚಿತರು ಕೇಳುತ್ತಾರೆ. ಮತ್ತೆ ಪಟ ತೆಗೆಸಿಲ್ಲ. ಈ ಧ್ವನಿಮುದ್ರಣಕ್ಕೆಂದು ನಿಲಯದ ಹದಿನಾಲ್ಕು ಮೆಟ್ಟಿಲುಗಳನ್ನು ನೆಟ್ಟಗೇ ಹತ್ತಿ ಬಂದಿದ್ದೇನೆ. ಇಳಿಯುವಾಗ ಗೋಡೆ ಹಿಡಿದು, ಅಡ್ಡಡ್ಡಲಾಗಿ ಇಳಿಯುತ್ತೇನೆ.