ಹಾಲು ಕರೆಯಲು ಬದಲಿ ಆಳು



ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ. ಮನೆ ತುಂಬ ನೆಂಟರು. ಆದರೂ ಹಸುವನ್ನು ಎರಡು ಹೊತ್ತು ಕರೆಯಲೇಬೇಕು. ಸರಸ್ವತಿ ನಗರದಂಥ ಬಡಾವಣೆಯಲ್ಲಿ ಎರಡು ಹಸು ಕಟ್ಟಿದವರಿಗೂ, ಹರಿಹರದ ಕಡೆಯ ಹಳ್ಳಿಯಲ್ಲಿ ಹತ್ತು ಕಟ್ಟಿದವರಿಗೂ ಆಗ ಬದಲಿ ಆಳು ಬೇಕಾಗುತ್ತದೆ.

ಆಳು ಸಿಕ್ಕರೆ ಸಾಲದು, ಅವನ ಕೈ ಹಸುವಿಗೆ ಒಗ್ಗಬೇಕು. ಕೆಚ್ಚಲು ತೊಳೆದು ನೀವಿದ ಒಂದೆರಡು ನಿಮಿಷದಲ್ಲಿ ಹಸು ಸೊರೆ ಬಿಡುತ್ತದೆ. ಅದು ನಿಲ್ಲುವುದು 5ರಿಂದ 8 ನಿಮಿಷ ಮಾತ್ರ. ಹೊಸಬರನ್ನು ಕಂಡು ಬೆದರಿದ ಹಸು ಹಾಲನ್ನು ಬಿಗಿಹಿಡಿಯುತ್ತದೆ. ಹಾಲು ಕೆಚ್ಚಲಲ್ಲೇ ಉಳಿದರೆ ಇಳುವರಿ ಕುಗ್ಗುತ್ತದೆ, ಕೆಚ್ಚಲು ಬಾವಿಗೂ ದಾರಿಯಾಗುತ್ತದೆ. ಬಾವು ಬಲಿತು ಒಂದು ಮೊಲೆ ಕೆಟ್ಟರೆ ನಷ್ಟ ಜಾತ್ರೆಯೊಂದಿಗೆ ಮುಗಿಯುವುದಿಲ್ಲ.

ಆದ್ದರಿಂದ ಮೂರು ದಿನ ಮೊದಲೇ ಆಳನ್ನು ಕರೆಸಿರಿ. ಮೊದಲ ದಿನ ಮೇವು ಹಾಕಿ, ಮೈ ತಿಕ್ಕಲಿ. ಮರುದಿನ ಮನೆಯವರು ಪಕ್ಕದಲ್ಲಿದ್ದಾಗಲೇ ಕರೆಯಲಿ. ಅವನಿಗೆ ಹೇಳಬೇಕಾದ ಅಂಶಗಳು:

1. ಉಗುರು ಕತ್ತರಿಸಿರಬೇಕು. ಬೇರೆ ಮನೆಯ ಹಸು ಕರೆದು ಬಂದಿದ್ದರೆ ಸೋಪಿನಿಂದ ಕೈ ತೊಳೆಯಬೇಕು.

2. ಹೆಬ್ಬೆರಳು ಮಡಿಸಿ ಹಿಂಡದೆ, ಪೂರ್ತಿ ಮುಷ್ಟಿಯಿಂದ ಕರೆಯಬೇಕು.

3. ಮೊದಲ ಎರಡು ಮೂರು ಧಾರೆಯನ್ನು ಬೇರೆ ಬಟ್ಟಲಿಗೆ ಹಿಂಡಿ, ಗರಣೆ ಅಥವಾ ರಕ್ತವಿದೆಯೇ ನೋಡಬೇಕು. ಬಾವಿರುವ ಹಸುವನ್ನು ಕೊನೆಗೆ ಕರೆಯಬೇಕು.

4. ಔಷಧಿ ಪಡೆಯುತ್ತಿರುವ ಹಸುವಿನ ಹಾಲು ಡೇರಿಗೆ ಹೋಗಬಾರದು. ಗುರುತಿಗೆ ಅದರ ಕೊರಳಿಗೆ ಕೆಂಪು ದಾರ ಕಟ್ಟಿರಿ.

5. ಸೊರೆ ಬಿಡಿಸಲು ಚುಚ್ಚುಮದ್ದು ಕೂಡದು.

ಕೂಲಿಯನ್ನು ಹಸುವಿನ ಲೆಕ್ಕದಲ್ಲಿ ಗೊತ್ತುಮಾಡಿದರೆ ಅವಸರ ಹೆಚ್ಚು. ದಿನದ ಲೆಕ್ಕವೇ ಮೇಲು. ನಾಲ್ಕು ಮನೆಯವರು ಸೇರಿ ಒಬ್ಬನನ್ನೇ ಗೊತ್ತುಮಾಡಿ, ವರ್ಷದಲ್ಲಿ ಆಗಾಗ ಕರೆಸುತ್ತಿದ್ದರೆ, ಜಾತ್ರೆಯ ಹಿಂದಿನ ದಿನ ಆಳು ಹುಡುಕುವ ಪಾಡು ಯಾರಿಗೂ ಬಾರದು.