ಲೆಕ್ಕದ ಪುಸ್ತಕದ ಬೀಗದ ಕೈ ಯಾರ ಬಳಿ?

(ಚಂದಾಪುರದಲ್ಲಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ವಾಡಿ, ಸೇಡಂ ಕಡೆಯ ಸಿಮೆಂಟು ಕಾರ್ಖಾನೆಗಳಲ್ಲಿ ದುಡಿಯುವವರು ಇಲ್ಲಿದ್ದೀರಿ. ಕಿಲ್ನ್ ನಿಲ್ಲಿಸಿ ಒಳಗಿನ ಇಟ್ಟಿಗೆ ಬದಲಿಸುವ ಕೆಲಸವನ್ನು ನಾವು ನಿಮಗೆ ಹೇಳಿಕೊಡಬೇಕಾಗಿಲ್ಲ. ಮೊದಲು ಅದು ಆರಬೇಕು, ಹಳೆಯ ಇಟ್ಟಿಗೆ ಕೀಳಬೇಕು, ಹೊಸದನ್ನು ಕೂರಿಸಬೇಕು, ಬಳಿಕ ಮೆಲ್ಲಮೆಲ್ಲನೆ ಕಾಯಿಸಬೇಕು. ಒಂದು ತಡವಾದರೆ ಮುಂದಿನದೆಲ್ಲ ತಡ. ಇಂಥ ಕೆಲಸಗಳಿಗಾಗಿಯೇ 1957ರಲ್ಲಿ ಅಮೆರಿಕದ ಡುಪಾಂಟ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಗಳವರು ಒಂದು ಲೆಕ್ಕದ ಕ್ರಮ ಹುಡುಕಿದರು. ಯಾವ ಕೆಲಸ ನಿಂತರೆ ಇಡೀ ಕಾಮಗಾರಿ ನಿಲ್ಲುತ್ತದೆಂಬುದನ್ನು ಅದು ಮೊದಲೇ ತೋರಿಸುತ್ತದೆ. ಇಂದು ಆ ಲೆಕ್ಕವನ್ನು ಗಣಕಯಂತ್ರ ಮಾಡುತ್ತದೆ. ಯಾರು ಯಾವ ಕೆಲಸ ಮಾಡಿದರು, ಎಷ್ಟು ತಾಸು ದುಡಿದರು, ಎಷ್ಟು ಖರ್ಚಾಯಿತು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತದೆ. ಇದಕ್ಕೆ ಯೋಜನಾ ನಿರ್ವಹಣೆಯ ತಂತ್ರಾಂಶವೆಂದು ಹೆಸರು.

ನಮ್ಮ ದುಡಿಮೆಯ ತಾಸನ್ನು ಎಣಿಸುವ ಈ ಯಂತ್ರದ ಒಳಗೆ ಏನಿದೆ? ನೋಡುವ ಹಕ್ಕು ನಮಗಿದೆಯೇ? ಈ ಹೊತ್ತಿನ ಪ್ರಶ್ನೆ ಅದು.

ನಾವು ಮಾಸ್ತರರಾಗಿದ್ದಾಗ ಊರವರ ವಂತಿಗೆಯಿಂದ ಶಾಲೆಗೊಂದು ಕೋಣೆ ಕಟ್ಟಿಸುವ ಕೆಲಸ ನಮ್ಮ ಹೆಗಲಿಗೆ ಬಂತು. ಪುಕ್ಕಟೆ ಸಿಗುವ ಒಂದು ತಂತ್ರಾಂಶದಲ್ಲಿ ಲೆಕ್ಕವಿಟ್ಟೆವು. ಗಾರೆಯವರ ಕೂಲಿ, ಮರಳು, ಫರ್ಸಿ ಕಲ್ಲು, ಎಲ್ಲವೂ ಅದರಲ್ಲಿ. ಗೋಡೆ ಅರ್ಧಕ್ಕೆ ಬಂದಾಗ ಆ ಕಂಪನಿ, ಇನ್ನು ಮುಂದೆ ಹಣ ಕಟ್ಟಿದರೆ ಮಾತ್ರ ಎಂದಿತು. ನಮ್ಮ ಲೆಕ್ಕ, ನಮ್ಮ ಊರಿನ ದುಡ್ಡು. ಬೀಗ ಮಾತ್ರ ಅವರದು. ರಸೀದಿಗಳನ್ನು ಮುಂದಿಟ್ಟುಕೊಂಡು ಮತ್ತೆ ವಹಿ ಬರೆಯಲು ಎರಡು ವಾರ ಹಿಡಿಯಿತು. ಪುಕ್ಕಟೆ ಬೇರೆ, ಮುಕ್ತ ಬೇರೆ ಎಂಬ ಪಾಠವನ್ನು ಮಾಸ್ತರರೇ ಕಲಿತದ್ದು ಹಾಗೆ.

ಮುಕ್ತ ತಂತ್ರಾಂಶವೆಂದರೆ ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಹಂಚಬಹುದು. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಈ ಚಳವಳಿಯನ್ನು ಆರಂಭಿಸಿದರು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿ ಬಂತು. ತಿದ್ದಿ ಹಂಚುವವನು ಮುಂದಿನವನಿಗೂ ಅದೇ ಹಕ್ಕು ಕೊಡಬೇಕೆಂಬುದು ಅದರ ಕಟ್ಟಳೆ. ಊರ ಬಾವಿಯ ನೀರು ಸೇದಿದವನು ಬಾವಿಗೆ ಬೇಲಿ ಹಾಕುವಂತಿಲ್ಲ, ಇಷ್ಟೇ ಅದರ ಸಾರ.

ಹಾಗಾದರೆ ಬರೆದವರ ಹೊಟ್ಟೆಪಾಡು ಹೇಗೆ? ಈ ಪ್ರಶ್ನೆ ನ್ಯಾಯವಾದದ್ದೇ. ಕೂಲಿಯಿಲ್ಲದ ದುಡಿಮೆಯನ್ನು ನಾವು ಯಾರಿಂದಲೂ ಕೇಳಬಾರದು. ಇದಕ್ಕೆ ಕೆಲವರು ಎರಡು ಆವೃತ್ತಿಗಳ ದಾರಿ ಹಿಡಿದಿದ್ದಾರೆ. 2006ರಲ್ಲಿ ರೆಡ್‌ಮೈನ್ ಎಂಬ ಮುಕ್ತ ತಂತ್ರಾಂಶ ಬಂತು. ಅದರ ನಡವಳಿ ಒಪ್ಪದವರು 2011ರಲ್ಲಿ ಅದೇ ಬರಹದಿಂದ ಚಿಲಿಪ್ರಾಜೆಕ್ಟ್ ಎಂಬುದನ್ನು ಕವಲೊಡೆಸಿದರು. ಆ ಕವಲಿನಿಂದ ಬೆಳೆದದ್ದು ಜರ್ಮನಿಯ ಓಪನ್‌ಪ್ರಾಜೆಕ್ಟ್. ಅದರ ಸಮುದಾಯ ಆವೃತ್ತಿಗೆ ಹಣವಿಲ್ಲ. ಕೆಲಸದ ಪಟ್ಟಿ, ಗ್ಯಾಂಟ್ ನಕ್ಷೆ, ತಾಸಿನ ಲೆಕ್ಕ, ಖರ್ಚಿನ ಲೆಕ್ಕ ಅದರಲ್ಲೇ ಇವೆ. ದೊಡ್ಡ ಸಂಸ್ಥೆಗಳಿಗೆ ಬೇಕಾದ ಹೆಚ್ಚಿನ ಅನುಕೂಲಗಳಿಗೂ ಕಂಪನಿಯ ನೆರವಿಗೂ ಹಣ ಕೊಟ್ಟು ವಾಣಿಜ್ಯ ಆವೃತ್ತಿ ಕೊಳ್ಳಬೇಕು.

ಇನ್ನೊಂದು ದಾರಿ ನಮ್ಮ ನೆರೆಯ ಮುಂಬಯಿಯದು. ರುಶಭ್ ಮೆಹ್ತಾ ಅವರು ತಮ್ಮ ಮನೆತನದ ಪೀಠೋಪಕರಣ ವ್ಯಾಪಾರಕ್ಕಾಗಿ ಕಟ್ಟತೊಡಗಿದ ತಂತ್ರಾಂಶವೇ ಇಂದಿನ ಇಆರ್‌ಪಿನೆಕ್ಸ್ಟ್. ಮಾಲಿನ ದಾಸ್ತಾನು, ಜಮಾಖರ್ಚು, ಕಾಮಗಾರಿಯ ಲೆಕ್ಕ ಮೂರೂ ಅದರಲ್ಲಿವೆ, ಎಲ್ಲವೂ ಜಿಪಿಎಲ್ ಅಡಿಯಲ್ಲಿ. ಅದನ್ನು ತಮ್ಮ ಯಂತ್ರಗಳಲ್ಲಿ ನಡೆಸಿಕೊಡುವುದಕ್ಕೂ ನೆರವಿಗೂ ಅವರ ಕಂಪನಿ ಹಣ ಪಡೆಯುತ್ತದೆ. ಇಲ್ಲಿ ಮಾರುವುದು ಸೇವೆಯನ್ನು, ಬೀಗದ ಕೈಯನ್ನಲ್ಲ.

ಆದರೆ ಎಚ್ಚರ ಬೇಕು. ಬೇಲಿಯನ್ನು ಎಲ್ಲಿ ಹಾಕಬೇಕೆಂದು ನಿರ್ಧರಿಸುವವನು ನಾಳೆ ಅದನ್ನು ಒಂದು ಮಾರು ಒಳಕ್ಕೂ ಸರಿಸಬಹುದು. ಮೈಎಸ್‌ಕ್ಯೂಎಲ್ ಎಂಬ ದತ್ತಾಂಶ ತಂತ್ರಾಂಶಕ್ಕೂ ಮುಕ್ತ ಮತ್ತು ವಾಣಿಜ್ಯ ಎಂಬ ಎರಡು ಪರವಾನಗಿಗಳಿದ್ದವು. 2008ರಲ್ಲಿ ಅದನ್ನು ಸನ್ ಕಂಪನಿ ಕೊಂಡಿತು; 2010ರಲ್ಲಿ ಸನ್ ಕಂಪನಿಯನ್ನೇ ಒರಾಕಲ್ ಕೊಂಡಿತು. ಮೂಲ ಕರ್ತೃಗಳಲ್ಲೊಬ್ಬರಾದ ಮೈಕೆಲ್ ವಿಡೇನಿಯಸ್ 2009ರಲ್ಲೇ ಹೊರಬಂದು ಅದೇ ಬರಹದಿಂದ ಮರಿಯಾಡಿಬಿ ಕಟ್ಟಿದರು. ಮಾಲೀಕ ಬದಲಾದರೂ ಮನೆ ಉಳಿದದ್ದು ಪರವಾನಗಿಯ ಬಲದಿಂದ. 2023ರಲ್ಲಿ ಟೆರಾಫಾರ್ಮ್ ಎಂಬುದರ ಒಡೆಯರು ಮುಂದಿನ ಆವೃತ್ತಿಗಳ ಪರವಾನಗಿಯನ್ನು ಬಿಗಿ ಮಾಡಿದಾಗಲೂ, ಹಿಂದಿನ ಮುಕ್ತ ಬರಹದಿಂದ ಬಳಕೆದಾರರು ಓಪನ್‌ಟೋಫು ಕಟ್ಟಿಕೊಂಡರು.

ಆದ್ದರಿಂದ, ಅಂಗಡಿಯವರೇ, ಸಂಘದವರೇ, ಯಾವ ತಂತ್ರಾಂಶವನ್ನು ತರುವ ಮೊದಲೂ ಮೂರು ಮಾತು ಕೇಳಿ. ಪರವಾನಗಿಯ ಹೆಸರೇನು? ನಮ್ಮ ಲೆಕ್ಕವನ್ನು ಪೂರ್ತಿಯಾಗಿ ಹೊರತೆಗೆದುಕೊಂಡು ಹೋಗಬಹುದೇ? ಹಣದ ಆವೃತ್ತಿಯ ಬಾಗಿಲ ಹಿಂದೆ ಇಟ್ಟಿರುವುದು ಸೌಕರ್ಯವೋ, ಅದಿಲ್ಲದೆ ಕೆಲಸವೇ ಸಾಗದ ಅಗತ್ಯವೋ? ಉತ್ತರ ಸರಿಯಾಗಿದ್ದರೆ ಹಣ ಕೊಡಲು ಹಿಂಜರಿಯಬೇಡಿ. ದುಡಿದವನಿಗೆ ಕೂಲಿ ಸಲ್ಲಬೇಕು. ತೃಪ್ತಿಯಿಲ್ಲದಿದ್ದರೆ ಪುಕ್ಕಟೆ ಕೊಟ್ಟರೂ ಬೇಡವೆನ್ನಿ.

ಪುಕ್ಕಟೆ ಆವೃತ್ತಿಯನ್ನೂ ಯಾರಾದರೂ ನಡೆಸಬೇಕು. ಯಂತ್ರ ಬೇಕು, ದಿನದಿನದ ಪ್ರತಿ ತೆಗೆದಿಡಬೇಕು, ಕಲಿತವರು ಬೇಕು. ಹತ್ತು ಅಂಗಡಿಗಳು ಕೂಡಿ ಒಂದು ಯಂತ್ರ ಇಡಿ. ಚಿಂಚೋಳಿ, ಚಂದಾಪುರದ ಕಲಿತ ಹುಡುಗ ಹುಡುಗಿಯರಿಗೆ ಆ ಕೆಲಸ ಕೊಡಿ, ಸಂಬಳವನ್ನೂ ಕೊಡಿ. ಮೂಲ ಬರಹ ಕೈಯಲ್ಲಿದ್ದರೆ ಅವರೇ ಅದನ್ನು ಕನ್ನಡಕ್ಕೆ ತಂದಾರು; ಆಗ ಹಾಜರಿಯ ತಾಸನ್ನು ದುಡಿದವನು ತಾನೇ ಓದಿ ಸರಿನೋಡಿಕೊಂಡಾನು.

ವಹಿ ನಮ್ಮದು. ಬೀಗದ ಕೈಯೂ ನಮ್ಮಲ್ಲಿರಲಿ.